ಚಲಚ್ಚಿತ್ರದ ರೂಪಕಾರ: ವಿಲಿಯಂ ಕ್ಯಾಮರಾನ್ ಮೆಂಜೀಸ್

1

ಒಂದು ಕಾವ್ಯದ ಕರ್ತೃವು ಯಾರೆಂಬ ಸಂದೇಹವು ಬಂದಾಗ ವಿದ್ವಾಂಸರು ಗ್ರಂಥದ ಪೀಠಿಕಾಪದ್ಯಗಳನ್ನೂ ಆಶ್ವಾಸಾಂತ್ಯದ ಗದ್ಯವನ್ನೂ ಮೊದಲು ಪರಿಶೀಲಿಸುವರು. ಅಲ್ಲಿ ಹೆಸರು ದೊರೆತರೂ ಅವರ ವಿಚಾರವು ಅಷ್ಟಕ್ಕೇ ಮುಗಿಯುವುದಿಲ್ಲ. ಹೆಸರನ್ನು ಹೊತ್ತವನೇ ಗ್ರಂಥವನ್ನು ರಚಿಸಿದನೋ, ಅಥವಾ ರಚಿಸಿದವನೊಬ್ಬನಾಗಿ ಹೆಸರು ಇನ್ನೊಬ್ಬನದಾಯಿತೋ ಎಂಬುದನ್ನು ಶೈಲಿಯ ಸಾಕ್ಷ್ಯದಿಂದ ನಿರ್ಣಯಿಸಬೇಕಾಗುತ್ತದೆ. ಚಲಚ್ಚಿತ್ರದ ಇತಿಹಾಸದಲ್ಲಿಯೂ ಇದೇ ತೊಡಕು ಇದೆ. ಚಿತ್ರದ ಆರಂಭದಲ್ಲಿ ತೆರೆಯ ಮೇಲೆ ತೋರುವ ನಾಮಾವಳಿಯು ಅನೇಕ ವೇಳೆ ಕರಾರುಪತ್ರಗಳ ಫಲವೇ ಹೊರತು ಕೆಲಸದ ಯಥಾರ್ಥವಾದ ಲೆಕ್ಕವಲ್ಲ.

ಅಮೆರಿಕಾದ ಹಾಲಿವುಡ್ಡಿನಲ್ಲಿ ಸ್ಟೂಡಿಯೋ ಪದ್ಧತಿಯು ಪ್ರಬಲವಾಗಿದ್ದ ಕಾಲದಲ್ಲಿ, ಅಂದರೆ ಸ್ಥೂಲವಾಗಿ 1920 ರಿಂದ 1950 ರ ವರೆಗೆ, ಕಲಾನಿರ್ದೇಶಕರ ವಿಷಯದಲ್ಲಿ ಈ ತೊಡಕು ವಿಶೇಷವಾಗಿ ಕಾಣುತ್ತದೆ. ಮೆಟ್ರೋ-ಗೋಲ್ಡ್‌ವಿನ್-ಮೇಯರ್ ಸಂಸ್ಥೆಯ ಕಲಾವಿಭಾಗಕ್ಕೆ ಮೂವತ್ತು ವರ್ಷಗಳಿಗೂ ಮಿಕ್ಕು ಮುಖ್ಯಸ್ಥನಾಗಿದ್ದ ಸೆಡ್ರಿಕ್ ಗಿಬ್ಬನ್ಸನು, ಆ ಸಂಸ್ಥೆಯಿಂದ ಹೊರಡುವ ಚಿತ್ರಗಳಲ್ಲೆಲ್ಲ ತನ್ನ ಹೆಸರು ಇರತಕ್ಕದ್ದೆಂದು ಕರಾರು ಮಾಡಿಕೊಂಡಿದ್ದನು. ಆದುದರಿಂದ ನೂರಾರು ಚಿತ್ರಗಳು ಅವನ ಹೆಸರನ್ನು ಹೊತ್ತಿವೆ. ಅಕಾಡೆಮಿಯ 11 ಪಾರಿತೋಷಕಗಳು ಅವನಿಗೆ ಸಂದುವು. ಆದರೆ ಅವುಗಳಲ್ಲಿ ಬಹುಭಾಗವನ್ನು ನಿಜವಾಗಿ ರೇಖಿಸಿ ಕಟ್ಟಿಸಿದವರು ಅವನ ಕೈಕೆಳಗಿನ ಕಲಾವಿದರು. ಇಲ್ಲಿ ಕೆಲಸಕ್ಕಿಂತ ಹೆಸರೇ ದೊಡ್ಡದಾಯಿತು.

ಇದಕ್ಕೆ ನೇರವಾಗಿ ಪ್ರತಿಯಾದ ಉದಾಹರಣೆ ವಿಲಿಯಂ ಕ್ಯಾಮರಾನ್ ಮೆಂಜೀಸನದು. ಇವನ ಕೆಲಸವು ಹೆಸರಿಗಿಂತ ದೊಡ್ಡದಾಗಿದ್ದಿತು. ಎಷ್ಟೆಂದರೆ, ಅದನ್ನು ಕರೆಯುವುದಕ್ಕೆ ಇದ್ದ ಪದವು ಸಾಲದೆ ಹೊಸ ಪದವನ್ನೇ ಕಲ್ಪಿಸಬೇಕಾಯಿತು. ಇವನ ಜೀವಿತವನ್ನು ವಿಚಾರಿಸಿದರೆ ಚಲಚ್ಚಿತ್ರದ ಕರ್ತೃತ್ವವೆಂಬುದು ಎಂತಹದೆಂಬ ಪ್ರಶ್ನೆಗೂ ಕೆಲಮಟ್ಟಿಗೆ ಉತ್ತರವು ದೊರೆಯುತ್ತದೆ.

2

ಮೆಂಜೀಸನು 1896 ರ ಜುಲೈ 29 ರಂದು ಕನೆಕ್ಟಿಕಟ್ ಸಂಸ್ಥಾನದ ನ್ಯೂ ಹೇವನ್ ನಗರದಲ್ಲಿ ಜನಿಸಿದನು. ತಂದೆತಾಯಿಗಳು ಸ್ಕಾಟ್ಲೆಂಡಿನ ಮೂಲದವರು. ಯೇಲ್ ವಿಶ್ವವಿದ್ಯಾಲಯದಲ್ಲಿ ಕೆಲಕಾಲ ವ್ಯಾಸಂಗ ಮಾಡಿ, ಒಂದನೆಯ ಮಹಾಯುದ್ಧದಲ್ಲಿ ಸೈನ್ಯದಲ್ಲಿ ಸೇವೆ ಸಲ್ಲಿಸಿ, ನ್ಯೂಯಾರ್ಕಿನ ಆರ್ಟ್ ಸ್ಟೂಡೆಂಟ್ಸ್ ಲೀಗ್ ಎಂಬ ಶಾಲೆಯಲ್ಲಿ ಚಿತ್ರಕಲೆಯನ್ನು ಅಭ್ಯಾಸಮಾಡಿದನು. ಪುಸ್ತಕಗಳಿಗೂ ಜಾಹೀರಾತುಗಳಿಗೂ ಚಿತ್ರ ಬರೆಯುವುದು ಅವನ ಮೊದಲ ವೃತ್ತಿಯಾಗಿದ್ದಿತು. ತರುವಾಯ ಫೇಮಸ್ ಪ್ಲೇಯರ್ಸ್-ಲಾಸ್ಕಿ ಸಂಸ್ಥೆಯನ್ನು ಸೇರಿ, ಪೋಲೆಂಡಿನಿಂದ ಬಂದಿದ್ದ ಆಂಟನ್ ಗ್ರಾಟನೆಂಬ ಕಲಾವಿದನ ಬಳಿ ಕೆಲಸ ಕಲಿತನು. ದೃಶ್ಯವನ್ನು ಕಟ್ಟುವುದಕ್ಕೆ ಮೊದಲು ಅದನ್ನು ಕ್ಯಾಮೆರಾದ ಕಣ್ಣಿನಿಂದ ಕಂಡಂತೆ ಇದ್ದಲಿನಲ್ಲಿ ಬರೆದು ತೋರಿಸುವುದು ಗ್ರಾಟನ ಪದ್ಧತಿ. ಮೆಂಜೀಸನ ಮುಂದಿನ ಕೆಲಸಕ್ಕೆಲ್ಲ ಈ ಪಾಠವೇ ಬೀಜವಾಯಿತು.

ಇಲ್ಲಿ ಕಲಾನಿರ್ದೇಶಕನ ಕಾರ್ಯವಿಧಾನವನ್ನು ಸ್ವಲ್ಪ ವಿವರಿಸುವುದು ಅವಶ್ಯಕ. ರಂಗಭೂಮಿಯಲ್ಲಿ ದೃಶ್ಯವು ಸಭೆಯ ಎಲ್ಲ ಭಾಗಗಳಿಂದಲೂ ಕಾಣಬೇಕು. ಚಲಚ್ಚಿತ್ರದಲ್ಲಿ ಮಸೂರಕ್ಕೆ ಕಂಡರೆ ಸಾಕು. ಮಸೂರದ ಅಂಚಿಗೆ ಆಚೆ ಇರುವ ಗೋಡೆಯನ್ನು ಕಟ್ಟುವುದು ವ್ಯರ್ಥವ್ಯಯ. ದೂರವನ್ನು ತೋರಿಸಬೇಕಾದರೆ ಹಿಂದಿನ ಕಂಬಗಳನ್ನು ಚಿಕ್ಕವಾಗಿಯೂ ಮುಂದಿನವನ್ನು ದೊಡ್ಡವಾಗಿಯೂ ಮಾಡಬಹುದು. ಎತ್ತರವಾದ ಕಟ್ಟಡದ ಕೆಳಭಾಗವನ್ನು ಮಾತ್ರ ಕಟ್ಟಿ, ಮೇಲ್ಭಾಗವನ್ನು ಗಾಜಿನ ಮೇಲೆ ಬರೆದು ಕೂಡಿಸಬಹುದು. ಆದರೆ ಇವೆಲ್ಲವೂ ಕ್ಯಾಮೆರಾದ ಸ್ಥಾನ, ಎತ್ತರ, ಮಸೂರದ ಪ್ರಮಾಣ ಇವು ಮೊದಲೇ ನಿಶ್ಚಿತವಾಗಿದ್ದರೆ ಮಾತ್ರ ಸಾಧ್ಯ. ಕ್ಯಾಮೆರಾವನ್ನು ಎಲ್ಲಿಡಬೇಕೆಂಬುದು ಸಾಮಾನ್ಯವಾಗಿ ದಿಗ್ದರ್ಶಕನ ಮತ್ತು ಛಾಯಾಗ್ರಾಹಕನ ಅಧಿಕಾರ. ಕಲಾನಿರ್ದೇಶಕನು ಅದನ್ನು ತಾನೇ ಗೊತ್ತುಮಾಡಿದರೆ, ಅವನು ಗೋಡೆಗಳನ್ನಲ್ಲ, ಚಿತ್ರವನ್ನೇ ರಚಿಸಿದಂತಾಗುತ್ತದೆ. ಮೆಂಜೀಸನು ಮೆಟ್ಟಿಲು ಮೆಟ್ಟಿಲಾಗಿ ಏರಿದ್ದು ಈ ಅಧಿಕಾರದ ಕಡೆಗೆ.

3

ಅವನ ಕೀರ್ತಿಗೆ ಅಡಿಗಲ್ಲಾದುದು 1924 ರ 'ದಿ ಥೀಫ್ ಆಫ್ ಬಾಗ್ದಾದ್' ಎಂಬ ಮೂಕಚಿತ್ರ. ಡಗ್ಲಾಸ್ ಫೇರ್‌ಬ್ಯಾಂಕ್ಸನು ಇದರ ನಿರ್ಮಾಪಕನೂ ನಾಯಕನೂ ಆಗಿದ್ದನು. ದಿಗ್ದರ್ಶಕನು ರಾವುಲ್ ವಾಲ್ಷ್. ಮೆಂಜೀಸನು ಇನ್ನೂ ತೀರ ಚಿಕ್ಕವನೆಂದು ಫೇರ್‌ಬ್ಯಾಂಕ್ಸನು ಮೊದಲು ಸಂಶಯಪಟ್ಟನೆಂದೂ, ಅವನು ತಾನಾಗಿಯೇ ಬರೆದು ತಂದ ಚಿತ್ರಗಳನ್ನು ಕಂಡು ಮನಸ್ಸು ಬದಲಿಸಿದನೆಂದೂ ಪ್ರತೀತಿ ಇದೆ. ಹಲವು ಎಕರೆಗಳ ನೆಲದ ಮೇಲೆ ಬಾಗ್ದಾದ್ ನಗರವು ಎದ್ದು ನಿಂತಿತು. ಅಲ್ಲಿಯ ಗೋಡೆಗಳೂ ಗೋಪುರಗಳೂ ಬಿಳುಪಾಗಿದ್ದುವು. ನೆಲಕ್ಕೆ ಹೊಳೆಯುವ ಕಪ್ಪು ಬಣ್ಣವನ್ನು ಬಳಿದಿದ್ದರು. ಕಟ್ಟಡಗಳ ನೆರಳು ಆ ನೆಲದಲ್ಲಿ ನೀರಿನಲ್ಲಿ ಬಿದ್ದಂತೆ ಬಿದ್ದು, ನಗರವೆಲ್ಲ ಭೂಮಿಯನ್ನು ಬಿಟ್ಟು ತೇಲುತ್ತಿರುವಂತೆ ಕಾಣುತ್ತದೆ. ಅರಬ್ಬೀ ಕಥೆಯ ಅದ್ಭುತರಸಕ್ಕೆ ಬೇಕಾದುದು ಐತಿಹಾಸಿಕ ಬಾಗ್ದಾದಿನ ಪ್ರತಿಕೃತಿಯಲ್ಲ, ಕಥೆ ಕೇಳಿದ ಬಾಲಕನ ಮನಸ್ಸಿನಲ್ಲಿ ಮೂಡುವ ನಗರವೆಂಬುದನ್ನು ಇಪ್ಪತ್ತೇಳು ವರ್ಷದ ಕಲಾವಿದನು ತಿಳಿದಿದ್ದನು.

ಇದಾದ ಮೇಲೆ 'ದಿ ಬ್ಯಾಟ್' (1926) ಮೊದಲಾದ ಚಿತ್ರಗಳಲ್ಲಿ ಅವನ ಕೈ ಕಾಣುತ್ತದೆ. ಚಲಚ್ಚಿತ್ರ ಅಕಾಡೆಮಿಯು 1929 ರ ಮೇ 16 ರಂದು ಪಾರಿತೋಷಕಗಳನ್ನು ಮೊಟ್ಟಮೊದಲಿಗೆ ಹಂಚಿದಾಗ, ಕಲಾನಿರ್ದೇಶನದ ಬಹುಮಾನವು 'ದಿ ಡವ್' ಮತ್ತು 'ಟೆಂಪೆಸ್ಟ್' ಎಂಬ ಎರಡು ಚಿತ್ರಗಳಿಗಾಗಿ ಮೆಂಜೀಸನಿಗೆ ಸಂದಿತು. ಹೀಗೆ ಈ ವೃತ್ತಿಯಲ್ಲಿ ಪ್ರಥಮ ಪುರಸ್ಕಾರವು ಅವನದು.

ವಾಕ್ಚಿತ್ರಗಳು ಬಂದ ತರುವಾಯ ಅವನಿಗೆ ದಿಗ್ದರ್ಶನದ ಆಸೆ ಹುಟ್ಟಿತು. ಫಾಕ್ಸ್ ಸಂಸ್ಥೆಯಲ್ಲಿ 1931 ರಿಂದ ಮುಂದೆ ಅವನು ದಿಗ್ದರ್ಶಿಸಿದ ಚಿತ್ರಗಳಲ್ಲಿ ಒಂದು ವಿಶೇಷವನ್ನು ಗಮನಿಸಬೇಕು: ಅನೇಕವಾಗಿ ಇನ್ನೊಬ್ಬನು ಅವನಿಗೆ ಜೊತೆಗಾರನಾಗಿರುತ್ತಾನೆ. 'ದಿ ಸ್ಪೈಡರ್' (1931) ಎಂಬುದರಲ್ಲಿ ಕೆನೆತ್ ಮಕೆನ್ನನು, 'ಚಂದು ದಿ ಮೆಜಿಷಿಯನ್' (1932) ಎಂಬುದರಲ್ಲಿ ಮಾರ್ಸೆಲ್ ವಾರ್ನೆಲನು ಅವನೊಡನೆ ಕೆಲಸ ಮಾಡಿದರು. ದೃಶ್ಯಕ್ಕೆ ಒಬ್ಬನು, ನಟರಿಗೆ ಒಬ್ಬನು ಎಂಬ ಈ ವಿಭಾಗವು ಅವನ ಶಕ್ತಿಯನ್ನೂ ಅದರ ಮಿತಿಯನ್ನೂ ಅಂದೇ ಸೂಚಿಸುತ್ತದೆ. 1933 ರ 'ಆಲಿಸ್ ಇನ್ ವಂಡರ್‌ಲ್ಯಾಂಡ್' ಚಿತ್ರಕ್ಕೆ ಜೋಸೆಫ್ ಮ್ಯಾಂಕಿವಿಜ್‌ನೊಡನೆ ಚಿತ್ರಕಥೆಯ ಕರ್ತೃವೆಂದು ಅವನ ಹೆಸರಿದೆ. ಪುಟಪುಟಕ್ಕೂ ರೇಖಾಚಿತ್ರಗಳಿದ್ದ ಆ ಕಥಾಪ್ರತಿಯಲ್ಲಿ, ಮಾತಿನಿಂದ ಬರೆಯುವಂತೆ ಗೆರೆಯಿಂದಲೂ ಚಿತ್ರಕಥೆಯನ್ನು ಬರೆಯಬಹುದೆಂಬ ಭಾವನೆಯು ಸ್ಪಷ್ಟವಾದ ರೂಪವನ್ನು ತಾಳಿತು.

1936 ರಲ್ಲಿ ಅವನು ಇಂಗ್ಲೆಂಡಿನಲ್ಲಿ ಅಲೆಗ್ಸಾಂಡರ್ ಕೋರ್ಡನಿಗಾಗಿ 'ಥಿಂಗ್ಸ್ ಟು ಕಮ್' ಎಂಬುದನ್ನು ದಿಗ್ದರ್ಶಿಸಿದನು. ಕಥೆಯು ಎಚ್. ಜಿ. ವೆಲ್ಸನದು. ಮುಂದೆ ಬರಲಿರುವ ಯುದ್ಧ, ನಾಗರಿಕತೆಯ ನಾಶ, ಮತ್ತೆ ವಿಜ್ಞಾನದ ಬಲದಿಂದ ನೂತನ ನಗರದ ನಿರ್ಮಾಣ ಇವು ಅದರ ವಸ್ತು. ಹೊಸ ನಗರವನ್ನು ಕಟ್ಟುವ ಭಾಗದಲ್ಲಿ ಮಾತು ಬಹುಮಟ್ಟಿಗೆ ನಿಂತುಹೋಗಿ, ಯಂತ್ರಗಳ ಚಲನೆಯೂ ಆರ್ಥರ್ ಬ್ಲಿಸ್ಸನ ಸಂಗೀತವೂ ಸೇರಿ ಅಪೂರ್ವವಾದ ಪರಿಣಾಮವನ್ನು ಉಂಟುಮಾಡುತ್ತವೆ. ಆದರೆ ಮನುಷ್ಯರು ಮಾತನಾಡಲು ತೊಡಗಿದೊಡನೆಯೇ ಉಪನ್ಯಾಸವು ಮೊದಲಾದಂತೆ ತೋರುತ್ತದೆ; ಪಾತ್ರಗಳು ಕಲ್ಲಿನ ಪ್ರತಿಮೆಗಳಂತೆ ಬಿಗಿದು ನಿಲ್ಲುತ್ತವೆ. ಇದರಲ್ಲಿ ವೆಲ್ಸನ ಮಾತುಗಳ ಪಾಲೂ ಉಂಟು. ಆದರೂ ನಟರನ್ನು ಜೀವಂತವಾಗಿ ನಡೆಯಿಸುವ ವಿದ್ಯೆಯು ಮೆಂಜೀಸನಿಗೆ ಒಲಿಯಲಿಲ್ಲವೆಂಬುದನ್ನು ಅಲ್ಲಗಳೆಯಲಾಗದು.

4

ಅವನ ಜೀವಿತದ ಮಧ್ಯಬಿಂದು 'ಗಾನ್ ವಿತ್ ದಿ ವಿಂಡ್' (1939). ನಿರ್ಮಾಪಕನಾದ ಡೇವಿಡ್ ಸೆಲ್ಜ್ನಿಕ್ಕನು 1937 ರ ಸೆಪ್ಟೆಂಬರಿನಲ್ಲಿಯೇ ತನ್ನ ಉದ್ದೇಶವನ್ನು ಬರೆದಿಟ್ಟಿದ್ದನು: ಚಿತ್ರೀಕರಣವು ಆರಂಭವಾಗುವುದಕ್ಕೆ ಮುಂಚೆಯೇ ಕ್ಯಾಮೆರಾದ ಕೋನಗಳವರೆಗೆ ಎಲ್ಲವೂ ರೇಖೆಯಲ್ಲಿ ಸಿದ್ಧವಾಗಿರಬೇಕು, ಅದಕ್ಕೆ ಮೆಂಜೀಸನೇ ತಕ್ಕವನು, ಅವನ ಕೆಲಸವು ಕಲಾನಿರ್ದೇಶಕನ ಕೆಲಸಕ್ಕಿಂತ ಬಹಳ ವಿಸ್ತಾರವಾದುದರಿಂದ ಅವನಿಗೆ ಬೇರೊಂದು ಪದವಿಯು ಸಲ್ಲತಕ್ಕದ್ದು. ಅದರಂತೆಯೇ ತೆರೆಯ ಮೇಲೆ ಕಲಾನಿರ್ದೇಶಕನೆಂದು ಲೈಲ್ ವೀಲರನ ಹೆಸರೂ, ಇಡೀ ನಿರ್ಮಾಣದ ವಿನ್ಯಾಸಕಾರನೆಂದು ಪ್ರತ್ಯೇಕವಾಗಿ ಮೆಂಜೀಸನ ಹೆಸರೂ ಬಂದುವು. ಇಂದು ಲೋಕದಲ್ಲೆಲ್ಲ ಬಳಕೆಯಲ್ಲಿರುವ 'ಪ್ರೊಡಕ್ಷನ್ ಡಿಸೈನರ್' ಎಂಬ ಪದವಿಯ ಇತಿಹಾಸವನ್ನು ಸಾಮಾನ್ಯವಾಗಿ ಈ ಚಿತ್ರದಿಂದ ಎಣಿಸುತ್ತಾರೆ.

ಚಿತ್ರೀಕರಣದ ಮೊದಲ ಮಹಾದೃಶ್ಯವು 1938 ರ ಡಿಸೆಂಬರ್ 10 ರ ರಾತ್ರಿ ಕಲ್ವರ್ ಸಿಟಿಯಲ್ಲಿ ನಡೆಯಿತು. ಅಟ್ಲಾಂಟಾ ನಗರದ ದಹನವನ್ನು ತೋರಿಸುವುದಕ್ಕಾಗಿ ಸ್ಟೂಡಿಯೋದ ಹಿಂಬಯಲಿನಲ್ಲಿ ನಿಂತಿದ್ದ ಹಳೆಯ ದೃಶ್ಯಕಟ್ಟಡಗಳಿಗೆ ಬೆಂಕಿಯಿಡಲಾಯಿತು. 'ಕಿಂಗ್ ಕಾಂಗ್' (1933) ಚಿತ್ರದಲ್ಲಿ ಕಂಡುಬರುವ ಮಹಾದ್ವಾರವೂ ಅವುಗಳಲ್ಲಿ ಒಂದಾಗಿದ್ದಿತು. ಟೆಕ್ನಿಕಲರ್ ವರ್ಣಚಿತ್ರದ ಏಳು ಕ್ಯಾಮೆರಾಗಳು ಅದನ್ನು ಸೆರೆಹಿಡಿದುವು. ಬೆಂಕಿಯನ್ನು ಎರಡನೆಯ ಸಲ ಹಚ್ಚುವಂತಿರಲಿಲ್ಲ. ಆದುದರಿಂದ ಪ್ರತಿಯೊಂದು ನೋಟವೂ ಮೊದಲೇ ಬರೆದಿಟ್ಟಿದ್ದ ರೇಖಾಚಿತ್ರವನ್ನು ಅನುಸರಿಸಬೇಕಾಗಿದ್ದಿತು. ಒಬ್ಬ ಕಲಾವಿದರ ತಲೆಮಾರಿನ ಕಟ್ಟಡಗಳು ಉರಿದುಹೋಗಿ ಇನ್ನೊಬ್ಬನ ಚಿತ್ರಕ್ಕೆ ಬಣ್ಣವಾದುವು. ಈ ಕಲೆಯ ನಿರ್ಮಿತಿಗಳು ಎಷ್ಟು ಅಲ್ಪಾಯುಗಳೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಮುಂದೆ ನಡೆದುದು ಕರ್ತೃತ್ವವಿಚಾರಕ್ಕೆ ಬಹು ಮುಖ್ಯವಾದುದು. 1939 ರ ಜನವರಿಯಲ್ಲಿ ಜಾರ್ಜ್ ಕ್ಯೂಕರನು ದಿಗ್ದರ್ಶನವನ್ನು ಆರಂಭಿಸಿ, ಫೆಬ್ರವರಿಯಲ್ಲಿ ಬಿಟ್ಟುಹೋದನು. ವಿಕ್ಟರ್ ಫ್ಲೆಮಿಂಗನು ಬಂದನು. ಅವನು ಆಯಾಸದಿಂದ ಕೆಲವು ವಾರ ಹಾಸಿಗೆ ಹಿಡಿದಾಗ ಸ್ಯಾಮ್ ವುಡ್ಡನು ಕೆಲಸವನ್ನು ನಡೆಯಿಸಿದನು. ಹಲವು ಭಾಗಗಳನ್ನು ಮೆಂಜೀಸನೇ ಚಿತ್ರೀಕರಿಸಿದನು. ತೆರೆಯ ಮೇಲೆ ದಿಗ್ದರ್ಶಕನೆಂದಿರುವುದು ಫ್ಲೆಮಿಂಗನ ಹೆಸರೊಂದೇ. ಇಷ್ಟು ಕೈಗಳು ಬದಲಾದರೂ ಚಿತ್ರಕ್ಕೆ ನೋಟದ ಏಕತೆಯು ಹೇಗೆ ಬಂದಿತು? ಕೆಂಪಾದ ಆಕಾಶದ ಎದುರಿಗೆ ಕಪ್ಪಾಗಿ ನಿಲ್ಲುವ ಮರ ಮತ್ತು ಮನುಷ್ಯಾಕೃತಿಗಳು. ಆಸ್ಪತ್ರೆಯಾಗಿ ಮಾರ್ಪಟ್ಟ ಚರ್ಚಿನ ಗೋಡೆಯ ಮೇಲೆ ಬಿದ್ದ ಭಾರಿ ನೆರಳುಗಳು. ರೈಲ್ವೆ ನಿಲ್ದಾಣದ ಬಯಲಿನಲ್ಲಿ ಗಾಯಾಳುಗಳ ನಡುವೆ ನಡೆಯುವ ಒಬ್ಬ ಹೆಂಗಸಿನಿಂದ ಕ್ಯಾಮೆರಾ ಮೆಲ್ಲಮೆಲ್ಲನೆ ಹಿಂದಕ್ಕೂ ಮೇಲಕ್ಕೂ ಸರಿದು, ನೆಲವೆಲ್ಲ ತುಂಬಿದ ನರಳುವ ದೇಹಗಳನ್ನು ತೋರಿಸುವ ನೋಟ—ಇವೆಲ್ಲ ಒಂದೇ ಕಣ್ಣಿನ ಕಲ್ಪನೆಗಳು. ಕಥೆಯ ಸ್ಥಿತಿಗೆ ಅನುಸಾರವಾಗಿ ವರ್ಣವು ಏರುತ್ತ ಇಳಿಯುತ್ತ ಹೋಗುತ್ತದೆ. ಶಾಂತಿಯ ಕಾಲದ ತಿಳಿಬಣ್ಣಗಳು ಯುದ್ಧದೊಡನೆ ಕೆಂಪು ಕಪ್ಪುಗಳಿಗೆ ತಿರುಗುತ್ತವೆ.

ಅಕಾಡೆಮಿಯು ಇದನ್ನು ಗುರುತಿಸದೆ ಇರಲಿಲ್ಲ. 1940 ರ ಫೆಬ್ರವರಿ 29 ರಂದು ಕಲಾನಿರ್ದೇಶನದ ಬಹುಮಾನವನ್ನು ವೀಲರನಿಗೆ ಕೊಟ್ಟು, ನಾಟಕೀಯ ಭಾವವನ್ನು ಬಣ್ಣದಿಂದ ವರ್ಧಿಸಿದುದಕ್ಕಾಗಿ ಮೆಂಜೀಸನಿಗೆ ಪ್ರತ್ಯೇಕ ಗೌರವಫಲಕವನ್ನು ನೀಡಿತು. ಅವನು ಮಾಡಿದ ಕೆಲಸಕ್ಕೆ ಅಂದಿನ ಬಹುಮಾನಗಳ ಪಟ್ಟಿಯಲ್ಲಿ ಸ್ಥಾನವೇ ಇರಲಿಲ್ಲವೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಆದರೂ ಅತಿವ್ಯಾಪ್ತಿ ಸಲ್ಲದು. ರೇಖಾಚಿತ್ರಗಳೆಲ್ಲವೂ ಇದ್ದಂತೆಯೇ ತೆರೆಗೆ ಬರಲಿಲ್ಲ. ಸೆಲ್ಜ್ನಿಕ್ಕನು ಕೊನೆಯವರೆಗೂ ತಿದ್ದುತ್ತಲೇ ಇದ್ದನು. ನಾಯಿಕೆಯ ಹಟವನ್ನೂ ನಾಯಕನ ವ್ಯಂಗ್ಯವನ್ನೂ ಯಾವ ರೇಖೆಯೂ ಹುಟ್ಟಿಸಲಾರದು. ಚಿತ್ರದ ಶರೀರಕ್ಕೆ ಮೆಂಜೀಸನು ಕರ್ತೃವೆಂದೂ, ಅದರ ಸಮಸ್ತಕ್ಕೂ ಅಲ್ಲವೆಂದೂ ಹೇಳುವುದು ನ್ಯಾಯ.

5

1940 ರಿಂದ ಮೂರು ನಾಲ್ಕು ವರ್ಷಗಳ ಅವಧಿಯು ಅವನ ಪ್ರೌಢಕಾಲ. ಆ ವರ್ಷ ಆಲ್ಫ್ರೆಡ್ ಹಿಚ್‌ಕಾಕನ 'ಫಾರಿನ್ ಕರೆಸ್ಪಾಂಡೆಂಟ್' ಚಿತ್ರದಲ್ಲಿ ಅವನು ಕೆಲಸ ಮಾಡಿದನು. ಗಾಳಿಯಂತ್ರದ ಒಳಗಿನ ಹಲ್ಲುಚಕ್ರಗಳು, ಇಕ್ಕಟ್ಟಾದ ಮೆಟ್ಟಿಲುಗಳು, ಓರೆಯಾದ ನೆರಳುಗಳು ಇವುಗಳ ನಡುವೆ ಅಡಗಿರುವವನ ಭಯವು ಮಾತಿಲ್ಲದೆಯೇ ಪ್ರೇಕ್ಷಕನಿಗೆ ತಗಲುತ್ತದೆ.

ಅದೇ ವರ್ಷ 'ದಿ ಥೀಫ್ ಆಫ್ ಬಾಗ್ದಾದ್' ಮತ್ತೊಮ್ಮೆ, ಈ ಸಲ ಬಣ್ಣದಲ್ಲಿ, ಹೊರಬಂದಿತು. ಅಲೆಗ್ಸಾಂಡರ್ ಕೋರ್ಡನು ಇಂಗ್ಲೆಂಡಿನಲ್ಲಿ ಮೊದಲುಮಾಡಿದ ಈ ಚಿತ್ರವು 1939 ರ ಸೆಪ್ಟೆಂಬರಿನಲ್ಲಿ ಯುದ್ಧವು ಆರಂಭವಾದುದರಿಂದ ಅಮೆರಿಕಾಕ್ಕೆ ಸಾಗಿ ಅಲ್ಲಿ ಪೂರ್ಣವಾಯಿತು. ಮೆಂಜೀಸನು ಸಹನಿರ್ಮಾಪಕರಲ್ಲಿ ಒಬ್ಬನಾಗಿದ್ದನು. ಕನ್ನಡಿಗರಿಗೆ ಇದರಲ್ಲಿ ಒಂದು ವಿಶೇಷ ಸಂಬಂಧವೂ ಇದೆ. ಕಳ್ಳನ ಪಾತ್ರವನ್ನು ವಹಿಸಿದ ಸಾಬು ಎಂಬ ತರುಣನು 1924 ರಲ್ಲಿ ಮೈಸೂರು ಸೀಮೆಯ ಕಾರಾಪುರದಲ್ಲಿ ಜನಿಸಿದವನು. ಮಹಾರಾಜರ ಸೇವೆಯಲ್ಲಿದ್ದ ಮಾವುತನೊಬ್ಬನ ಮಗನು. ರಾಬರ್ಟ್ ಫ್ಲಾಹರ್ಟಿಯು ಮೈಸೂರಿನಲ್ಲಿ ಚಿತ್ರೀಕರಣ ನಡೆಯಿಸಿದ 'ಎಲಿಫೆಂಟ್ ಬಾಯ್' (1937) ಅವನನ್ನು ಲೋಕಕ್ಕೆ ಪರಿಚಯಿಸಿದ್ದಿತು. ಹದಿನಾರು ವರ್ಷಗಳ ಹಿಂದೆ ಮೆಂಜೀಸನು ಫೇರ್‌ಬ್ಯಾಂಕ್ಸನಿಗಾಗಿ ಕಲ್ಪಿಸಿದ್ದ ಕಥಾಲೋಕದಲ್ಲಿ, ಆ ಮೊದಲ ಚಿತ್ರವು ಬಂದ ವರ್ಷವೇ ಹುಟ್ಟಿದ ಕಾರಾಪುರದ ಹುಡುಗನು ಓಡಾಡಿದನು. ಈ ಚಿತ್ರದ ಕಲಾನಿರ್ದೇಶನಕ್ಕೆ ದೊರೆತ ಬಹುಮಾನವು ವಿನ್ಸೆಂಟ್ ಕೋರ್ಡನಿಗೆ ಸಂದಿತು.

ಸ್ಯಾಮ್ ವುಡ್ಡನೊಡನೆ ಅವನು ಮಾಡಿದ ಚಿತ್ರಗಳು ಕರ್ತೃತ್ವವಿಚಾರಕ್ಕೆ ಅತ್ಯುತ್ತಮ ಸಾಕ್ಷ್ಯವನ್ನು ಒದಗಿಸುತ್ತವೆ: 'ಅವರ್ ಟೌನ್' (1940), 'ಕಿಂಗ್ಸ್ ರೋ' (1942), 'ದಿ ಪ್ರೈಡ್ ಆಫ್ ದಿ ಯಾಂಕೀಸ್' (1942), 'ಫಾರ್ ಹೂಮ್ ದಿ ಬೆಲ್ ಟೋಲ್ಸ್' (1943). ಇವುಗಳಲ್ಲಿ ಮೊದಲನೆಯದು ಥಾರ್ನ್‌ಟನ್ ವೈಲ್ಡರನ ನಾಟಕ. ರಂಗದ ಮೇಲೆ ಅದಕ್ಕೆ ಪರದೆಯೂ ಇಲ್ಲ, ದೃಶ್ಯಸಾಮಗ್ರಿಯೂ ಇಲ್ಲ. ಬರಿಯ ಮೇಜು ಕುರ್ಚಿಗಳಲ್ಲೇ ಒಂದು ಊರನ್ನು ಪ್ರೇಕ್ಷಕರು ಕಲ್ಪಿಸಿಕೊಳ್ಳಬೇಕು. ದೃಶ್ಯವನ್ನೇ ನಿರಾಕರಿಸಿದ ನಾಟಕಕ್ಕೆ ದೃಶ್ಯವನ್ನು ಕೊಡುವುದು ವಿನ್ಯಾಸಕಾರನಿಗೆ ಕಠಿಣ ಪರೀಕ್ಷೆ. ಮೆಂಜೀಸನು ಊರನ್ನೆಲ್ಲ ತೋರಿಸುವ ಗೋಜಿಗೆ ಹೋಗಲಿಲ್ಲ. ಮುಂಭಾಗದಲ್ಲಿ ಒಂದು ವಸ್ತು, ಹಿಂದೆ ಬೆಳಕಿನ ಒಂದು ತುಂಡು, ಉಳಿದುದು ನೆರಳು ಎಂಬ ರೀತಿಯಲ್ಲಿ ಮಿತವ್ಯಯದಿಂದ ಸಾಧಿಸಿದನು.

'ಕಿಂಗ್ಸ್ ರೋ' ಚಿತ್ರದ ಛಾಯಾಗ್ರಾಹಕನಾದ ಜೇಮ್ಸ್ ವಾಂಗ್ ಹೌ ಎಂಬವನು ತನ್ನ ವೃತ್ತಿಯಲ್ಲಿ ಅಗ್ರಗಣ್ಯರಲ್ಲಿ ಒಬ್ಬನು. ಆ ಚಿತ್ರದ ನೋಟವೆಲ್ಲವೂ ಮೆಂಜೀಸನದೆಂದೂ, ತಾನು ಅವನ ರೇಖೆಗಳನ್ನು ಅನುಸರಿಸಿದೆನೆಂದೂ, ವುಡ್ಡನು ನಟರನ್ನು ಮಾತ್ರ ನೋಡಿಕೊಂಡನೆಂದೂ ಅವನು ಮುಂದೆ ಹೇಳಿದ್ದಾನೆ. ತನ್ನದೆಂದು ಹೇಳಿಕೊಳ್ಳಬಹುದಾಗಿದ್ದ ಕೀರ್ತಿಯನ್ನು ತಾನಾಗಿಯೇ ಇನ್ನೊಬ್ಬನಿಗೆ ಬಿಟ್ಟುಕೊಡುವವನ ಸಾಕ್ಷ್ಯಕ್ಕೆ ಹೆಚ್ಚಿನ ಬೆಲೆಯುಂಟು. ಇದಕ್ಕೆ ಶೈಲಿಯ ಪ್ರಮಾಣವೂ ಸೇರುತ್ತದೆ. ಮೇಲೆ ಹೇಳಿದ ನಾಲ್ಕು ಚಿತ್ರಗಳಿಗೂ ಛಾಯಾಗ್ರಾಹಕರು ಒಬ್ಬರೇ ಅಲ್ಲ. ಆದರೆ ತಗ್ಗಿನಿಂದ ಮೇಲಕ್ಕೆ ನೋಡುವ ಕ್ಯಾಮೆರಾ, ವಿಶಾಲವಾದ ಆಕಾಶ, ಮುನ್ನೆಲೆಗೆ ತಂದ ಮುಖ, ಬೇಲಿ ಮತ್ತು ಕೊಂಬೆಗಳ ಕಪ್ಪು ಗೆರೆಗಳು ಎಲ್ಲದರಲ್ಲಿಯೂ ಬರುತ್ತವೆ. ಇವೇ ಲಕ್ಷಣಗಳು ಮೆಂಜೀಸನು ಕೆಲಸ ಮಾಡಿದ ಇತರ ದಿಗ್ದರ್ಶಕರ ಚಿತ್ರಗಳಲ್ಲಿಯೂ ಕಾಣುತ್ತವೆ. ದಿಗ್ದರ್ಶಕನೂ ಛಾಯಾಗ್ರಾಹಕನೂ ಬದಲಾದರೂ ಬದಲಾಗದೆ ಉಳಿಯುವ ಲಕ್ಷಣವು ಯಾರದೆಂದು ಬೇರೆ ಹೇಳಬೇಕಾಗಿಲ್ಲ.

6

ಯುದ್ಧಾನಂತರದ ಕಾಲವು ಅವನಿಗೆ ಅನುಕೂಲವಾಗಲಿಲ್ಲ. ಸ್ಟೂಡಿಯೋಗಳ ಐಶ್ವರ್ಯವು ಕುಗ್ಗಿತು. ಕ್ಯಾಮೆರಾವನ್ನು ನಿಜವಾದ ಬೀದಿಗಳಿಗೆ ಒಯ್ಯುವ ರೂಢಿಯು ಬೆಳೆಯಿತು. ಎಲ್ಲವನ್ನೂ ಮೊದಲೇ ಬರೆದು ಕಟ್ಟುವ ಪದ್ಧತಿಗೆ ಬೇಡಿಕೆಯು ಕಡಮೆಯಾಯಿತು. ಅವನು ಸಣ್ಣ ಬಂಡವಾಳದ ಚಿತ್ರಗಳನ್ನು ದಿಗ್ದರ್ಶಿಸಬೇಕಾಯಿತು. ಅವುಗಳಲ್ಲಿ 'ಇನ್‌ವೇಡರ್ಸ್ ಫ್ರಂ ಮಾರ್ಸ್' (1953) ಎಂಬುದೊಂದು ಗಮನಾರ್ಹವಾದುದು. ಮಂಗಳಗ್ರಹದವರು ಬಂದಿಳಿದುದನ್ನು ಒಬ್ಬ ಬಾಲಕನು ಕಾಣುತ್ತಾನೆ. ಹಿರಿಯರು ಅವನನ್ನು ನಂಬುವುದಿಲ್ಲ. ಪೋಲೀಸ್ ಠಾಣೆಯ ದೃಶ್ಯದಲ್ಲಿ ಬರಿಯ ಗೋಡೆಗಳ ನಡುವೆ ಬಹಳ ಉದ್ದವಾದ ಓಣಿ, ಅದರ ಕೊನೆಯಲ್ಲಿ ಬಾಲಕನ ತಲೆಗಿಂತ ಎತ್ತರವಾದ ಮೇಜು—ಇಷ್ಟೇ. ಹಣದ ಅಭಾವವೇ ಇಲ್ಲಿ ಅಲಂಕಾರವಾಗಿದೆ. ಲೋಕವು ಮಗುವಿನ ಕಣ್ಣಿಗೆ ಎಷ್ಟು ದೊಡ್ಡದು, ಎಷ್ಟು ಶೂನ್ಯವೆಂಬುದು ಆ ಮೇಜಿನ ಎತ್ತರದಿಂದಲೇ ತಿಳಿಯುತ್ತದೆ. 1924 ರಲ್ಲಿ ಬಾಲಕನ ಬೆರಗನ್ನು ಕಟ್ಟಿದವನು 1953 ರಲ್ಲಿ ಬಾಲಕನ ದಿಗಿಲನ್ನು ಕಟ್ಟಿದನು.

ಅವನ ಕೊನೆಯ ದೊಡ್ಡ ಕೆಲಸವು ಮೈಕೇಲ್ ಟಾಡ್ಡನು ನಿರ್ಮಿಸಿದ 'ಅರೌಂಡ್ ದಿ ವರ್ಲ್ಡ್ ಇನ್ ಎಯ್ಟಿ ಡೇಸ್' (1956). ಅದರಲ್ಲಿ ಅವನು ಸಹನಿರ್ಮಾಪಕನು. 1957 ರ ಮಾರ್ಚ್ 5 ರಂದು ಅವನು ಮರಣಹೊಂದಿದನು. ಅದೇ ತಿಂಗಳ 27 ರಂದು ಆ ಚಿತ್ರಕ್ಕೆ ವರ್ಷದ ಉತ್ತಮ ಚಿತ್ರವೆಂಬ ಬಹುಮಾನವು ದೊರೆಯಿತು.

ಮೆಂಜೀಸನ ಜೀವಿತದಿಂದ ನಿಷ್ಪನ್ನವಾಗುವ ಅಂಶಗಳನ್ನು ಹೀಗೆ ಸಂಗ್ರಹಿಸಬಹುದು. ನೋಟವನ್ನು ರಚಿಸುವ ಶಕ್ತಿಯೂ ಮನುಷ್ಯರನ್ನು ನಡೆಯಿಸುವ ಶಕ್ತಿಯೂ ಬೇರೆಬೇರೆ. ಎರಡೂ ಒಬ್ಬನಲ್ಲಿಯೇ ಕೂಡಿರಬೇಕೆಂಬ ನಿಯಮವಿಲ್ಲ. ಅವನು ಒಬ್ಬನೇ ದಿಗ್ದರ್ಶಿಸಿದಾಗ ಮೊದಲನೆಯದು ಪೂರ್ಣವಾಗಿಯೂ ಎರಡನೆಯದು ಕುಂಟುತ್ತಲೂ ಬಂದಿತು; ನಟರನ್ನು ಬಲ್ಲ ಮತ್ತೊಬ್ಬನೊಡನೆ ಸೇರಿದಾಗ ಉತ್ತಮ ಚಿತ್ರಗಳು ಹುಟ್ಟಿದುವು. ಆದುದರಿಂದ ದಿಗ್ದರ್ಶಕನೊಬ್ಬನೇ ಚಲಚ್ಚಿತ್ರದ ಕರ್ತೃವೆಂದು ಸಾರುವ ಮತವು ಈ ಕಾಲದ ಚಿತ್ರಗಳಿಗೆ ಪೂರ್ತಿಯಾಗಿ ಹೊಂದಲಾರದು. ನಾಮಾವಳಿಯನ್ನು ಓದಿ ನಿಲ್ಲದೆ, ಚಿತ್ರದಿಂದ ಚಿತ್ರಕ್ಕೆ ಲಕ್ಷಣಗಳನ್ನು ಹೋಲಿಸಿ, ಸಹೋದ್ಯೋಗಿಗಳ ಸಾಕ್ಷ್ಯವನ್ನು ತೂಗಿ, ಉಳಿದಿರುವ ರೇಖಾಚಿತ್ರಗಳನ್ನು ತೆರೆಯೊಡನೆ ತಾಳೆನೋಡಿ ಕರ್ತೃತ್ವವನ್ನು ನಿರ್ಣಯಿಸಬೇಕು. ಇದು ಗ್ರಂಥಸಂಪಾದನೆಯ ಮಾರ್ಗವೇ. ಮೆಂಜೀಸನು ಕಟ್ಟಿಸಿದ ನಗರಗಳಲ್ಲಿ ಒಂದು ಕಂಬವೂ ಇಂದು ನಿಂತಿಲ್ಲ; ಅವನು ಕಂಡ ರೀತಿಯು ಮಾತ್ರ ಆ ಚಿತ್ರಗಳಲ್ಲಿ ಉಳಿದಿದೆ. ಅದನ್ನು ಬೇರ್ಪಡಿಸಿ ಗುರುತಿಸುವ ಕೆಲಸವು ಇತಿಹಾಸಕಾರನಿಗೆ ಸೇರಿದುದು.